ಹೊಸ ಲ್ಯಾಪ್‌ಟಾಪ್‌ಗೆ ಒಗ್ಗುವ ಲಿನಕ್ಸ್ ಆವೃತ್ತಿಯನ್ನು ಆರಿಸುವ ಬಗೆ

ಅಕ್ಕನ ಮಗಳು ಇಂಜಿನಿಯರಿಂಗ್ ಸೇರಿದ ವರ್ಷ ಅವಳ ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಡಲು ಕುಳಿತಾಗ, ನನ್ನ ಹಳೆಯ ಯಂತ್ರದಲ್ಲಿ ಮೂರು ವರ್ಷ ಒಂದು ತಕರಾರೂ ಇಲ್ಲದೆ ನಡೆದಿದ್ದ ಆವೃತ್ತಿಯನ್ನೇ ಕಣ್ಣುಮುಚ್ಚಿ ಆರಿಸಿದ್ದೆ. ಇನ್‌ಸ್ಟಾಲ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಆದರೆ ವೈಫೈ ಗುರುತು ಇರಬೇಕಾದ ಮೂಲೆ ಖಾಲಿಯಾಗಿತ್ತು, ಪರದೆಯ ಬೆಳಕು ಒಂದೇ ಮಟ್ಟದಲ್ಲಿ ನಿಂತುಬಿಟ್ಟಿತ್ತು, ಧ್ವನಿಯ ಸೆಟ್ಟಿಂಗ್ಸ್ ತೆರೆದರೆ ‘ಡಮ್ಮಿ ಔಟ್‌ಪುಟ್’ ಎಂಬ ಒಂದೇ ಸಾಲು ಕಾಣುತ್ತಿತ್ತು. ಯಂತ್ರದಲ್ಲಿ ಕೊರತೆಯಿರಲಿಲ್ಲ, ಆ ಲಿನಕ್ಸಿನಲ್ಲಿಯೂ ಇರಲಿಲ್ಲ. ಆ ಯಂತ್ರದ ಬಿಡಿಭಾಗಗಳು ಮಾರುಕಟ್ಟೆಗೆ ಬರುವುದಕ್ಕೆ ಮೊದಲೇ ಆ ಆವೃತ್ತಿಯ ಕರ್ನಲ್, ಅಂದರೆ ಬಿಡಿಭಾಗಗಳೊಡನೆ ಮಾತಾಡುವ ಅದರ ತಿರುಳು, ಸಿದ್ಧವಾಗಿತ್ತು, ಅಷ್ಟೇ.

ಹೊಸ ಲ್ಯಾಪ್‌ಟಾಪ್ ಕೊಂಡವರು ಸಾಮಾನ್ಯವಾಗಿ ‘ಯಾವ ಲಿನಕ್ಸ್ ಒಳ್ಳೆಯದು’ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ: ನನ್ನ ಯಂತ್ರದ ಚಿಪ್‌ಗಳು ಯಾವಾಗ ಬಂದವು, ನಾನು ಹಾಕಲಿರುವ ಲಿನಕ್ಸಿನ ಕರ್ನಲ್ ಯಾವಾಗ ಬಂದದ್ದು? ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಡೌನ್‌ಲೋಡ್‌ಗೆ ಮೊದಲೇ ನಿವಾರಣೆಯಾಗುತ್ತವೆ.

ಇದಕ್ಕೆ ಕಾರಣ ಲಿನಕ್ಸ್ ಕಟ್ಟಲ್ಪಟ್ಟಿರುವ ರೀತಿಯಲ್ಲೇ ಇದೆ. ವಿಂಡೋಸ್‌ನಲ್ಲಿ ಬಿಡಿಭಾಗಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶಗಳಲ್ಲಿ ಬಹುಪಾಲನ್ನು ಯಂತ್ರ ತಯಾರಿಸಿದವರೇ ಪ್ರತ್ಯೇಕವಾಗಿ ಕೊಡುತ್ತಾರೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್‌ನ ಒಳಗೇ ಇರುತ್ತವೆ. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಕರ್ನಲ್ ಹೊರಬರುತ್ತದೆ. ಪ್ರತಿಯೊಂದರಲ್ಲೂ ಒಂದಷ್ಟು ಹೊಸ ಚಿಪ್‌ಗಳ ಬೆಂಬಲ ಸೇರಿರುತ್ತದೆ. ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ವಿತರಣೆಗಳು, ಅಂದರೆ ನಾವು ಡಿಸ್ಟ್ರೋ ಎಂದು ಕರೆಯುವವು, ತಮ್ಮ ಬಿಡುಗಡೆಯ ಹೊತ್ತಿಗೆ ಲಭ್ಯವಿರುವ ಒಂದು ಕರ್ನಲ್ ಅನ್ನು ಆರಿಸಿ ಅದರ ಸುತ್ತ ಉಳಿದದ್ದನ್ನು ಜೋಡಿಸುತ್ತವೆ. ಕರ್ನಲ್‌ನ ಜೊತೆಗೆ ಇನ್ನೆರಡು ಸಂಗತಿಗಳು ಕೂಡಿಬರಬೇಕು: ಚಿಪ್‌ಗೆ ತುಂಬಬೇಕಾದ ಫರ್ಮ್‌ವೇರ್ ಕಡತಗಳು ಮತ್ತು ಪರದೆಯ ಮೇಲೆ ಚಿತ್ರ ಬಿಡಿಸುವ ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶ. ಮೂರರಲ್ಲಿ ಒಂದು ಹಳತಾದರೂ ಯಂತ್ರ ಕುಂಟುತ್ತದೆ.

ಮೊದಲ ಹೆಜ್ಜೆ: ಯಂತ್ರದ ಒಳಗೆ ಏನಿದೆ ಎಂದು ಬರೆದುಕೊಳ್ಳಿ

ಪೆಟ್ಟಿಗೆಯ ಮೇಲಿನ ಮಾದರಿ ಹೆಸರನ್ನು ನಂಬಿ ಕೂರಬೇಡಿ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ವೈಫೈ ಕಾರ್ಡ್ ಹಾಕಿದ ಯಂತ್ರಗಳು ಮಾರಾಟವಾಗುವುದು ಅಪರೂಪವೇನಲ್ಲ. ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ನಡೆಯಿತೆಂದು ನಿಮ್ಮದರಲ್ಲೂ ನಡೆಯಬೇಕೆಂದಿಲ್ಲ. ವಿಂಡೋಸ್ ಇರುವಾಗಲೇ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ಸ್ ಎಂಬಲ್ಲಿ ವೈಫೈ ಕಾರ್ಡಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿಗಳನ್ನು ನೋಡಿ. ‘ವೆನ್’ ಎಂಬ ಮೂರಕ್ಷರದ ಮುಂದೆ ನಾಲ್ಕು ಚಿಹ್ನೆಗಳಿರುತ್ತವೆ. ಅಲ್ಲಿ 8086 ಎಂದಿದ್ದರೆ ಅದು ಇಂಟೆಲ್, 10ಇಸಿ ಎಂದಿದ್ದರೆ ರಿಯಲ್‌ಟೆಕ್, 14ಸಿ3 ಎಂದಿದ್ದರೆ ಮೀಡಿಯಾಟೆಕ್. ಅದರ ಪಕ್ಕದಲ್ಲಿ ‘ಡೆವ್’ ಎಂಬುದರ ಮುಂದೆ ಇರುವ ನಾಲ್ಕು ಚಿಹ್ನೆಗಳು ನಿರ್ದಿಷ್ಟ ಚಿಪ್ ಯಾವುದೆಂದು ಹೇಳುತ್ತವೆ. ಈ ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಹುಡುಕಾಟವೆಲ್ಲ ಈ ಎಂಟು ಚಿಹ್ನೆಗಳ ಮೇಲೇ ನಡೆಯುತ್ತದೆ. ಪ್ರೊಸೆಸರ್‌ನ ಪೂರ್ಣ ಹೆಸರು, ಗ್ರಾಫಿಕ್ಸ್ ಕಾರ್ಡ್, ಪರದೆಯ ರೆಸಲ್ಯೂಷನ್, ಬೆರಳಚ್ಚು ಓದುವ ಸೆನ್ಸರ್ ಇದ್ದರೆ ಅದರ ಹೆಸರು, ಇವೂ ಅದೇ ಚೀಟಿಯಲ್ಲಿರಲಿ.

ವಿಂಡೋಸ್ ಇಲ್ಲದೆ ಬಂದ ಯಂತ್ರವಾದರೆ ಯಾವುದಾದರೂ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಟರ್ಮಿನಲ್‌ನಲ್ಲಿ ಎಲ್, ಎಸ್, ಪಿ, ಸಿ, ಐ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಎನ್ ಎನ್ ಕೆ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಪ್ರತಿ ಸಾಧನದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಬರುತ್ತದೆ. ವೈಫೈ ಕಾರ್ಡಿನ ಕೆಳಗೆ ಆ ಸಾಲೇ ಇಲ್ಲದಿದ್ದರೆ ಆ ಕರ್ನಲ್‌ನಲ್ಲಿ ಆ ಕಾರ್ಡಿಗೆ ಡ್ರೈವರ್ ಕೂಡಿಬಂದಿಲ್ಲ ಎಂದು ತಿಳಿಯಿರಿ.

ಇಲ್ಲಿ ಒಂದು ಸಮಾಧಾನದ ಮಾತನ್ನೂ ಹೇಳಬೇಕು. ಅಂಗಡಿಯಲ್ಲಿ ಹೊಸದಾಗಿ ಸಿಗುವ ಎಲ್ಲ ಲ್ಯಾಪ್‌ಟಾಪ್‌ಗಳ ಒಳಗೂ ಹೊಸ ಚಿಪ್ ಇರುವುದಿಲ್ಲ. ಎಎಂಡಿಯ ರೈಜೆನ್ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮೂರನೆಯ ಅಂಕಿ ಅದರ ನಿಜವಾದ ವಿನ್ಯಾಸವನ್ನು ಸೂಚಿಸುತ್ತದೆ: 7520ಯು ಎಂಬುದರಲ್ಲಿ ಮೂರನೆಯ ಅಂಕಿ 2, ಆದ್ದರಿಂದ ಅದು ಝೆನ್ 2, 7530ಯು ಝೆನ್ 3, 7540ಯು ಝೆನ್ 4. ಹೆಸರು ಹತ್ತಿರ ಹತ್ತಿರ ಕಂಡರೂ ಒಳಗಿನ ವಯಸ್ಸು ಬೇರೆ. ಅದೇ ರೀತಿ 2022ರಲ್ಲಿ ಬಂದ ಇಂಟೆಲ್‌ನ ಐ5 1235ಯು ಇರುವ ಯಂತ್ರಗಳು ಅದಾದ ಎಷ್ಟೋ ಕಾಲದ ಮೇಲೂ ಹೊಸದಾಗಿಯೇ ಮಾರಾಟವಾದವು. ಲಿನಕ್ಸ್ ಬಳಸುವವರಿಗೆ ಇಂಥ ಹಳೆಯ ವಿನ್ಯಾಸ ವರವೇ ಸರಿ, ಏಕೆಂದರೆ ಅದರ ಬೆಂಬಲ ಕರ್ನಲ್‌ನಲ್ಲಿ ಆಗಲೇ ಮಾಗಿರುತ್ತದೆ. ಇಂಥ ಪ್ರೊಸೆಸರ್ ನಿಮ್ಮದಾಗಿದ್ದರೆ ಮುಂದಿನ ಭಾಗದ ಆತಂಕಗಳು ನಿಮ್ಮನ್ನು ಹೆಚ್ಚು ತಟ್ಟುವುದಿಲ್ಲ. ವೈಫೈ ಕಾರ್ಡ್ ಒಂದನ್ನು ಮಾತ್ರ ನೋಡಿಕೊಂಡರೆ ಸಾಕು.

ಎರಡನೆಯ ಹೆಜ್ಜೆ: ತಾರೀಖುಗಳನ್ನು ಹೊಂದಿಸಿ ನೋಡಿ

ಒಂದು ನಿಜವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇಂಟೆಲ್‌ನ ಕೋರ್ ಅಲ್ಟ್ರಾ 7 258ವಿ ಪ್ರೊಸೆಸರ್ ಇರುವ ಯಂತ್ರ ನಿಮ್ಮ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಕೊನೆಯ ‘ವಿ’ ಅಕ್ಷರ ಅದು ಲೂನಾರ್ ಲೇಕ್ ಪೀಳಿಗೆಯದೆಂದು ತಿಳಿಸುತ್ತದೆ. ಈ ಪೀಳಿಗೆ ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಇದರ ಗ್ರಾಫಿಕ್ಸ್ ಭಾಗಕ್ಕೆ ತಾನೇ ತಾನಾಗಿ ಕೆಲಸ ಮಾಡುವ ಬೆಂಬಲ ಸಿಕ್ಕಿದ್ದು ಅದೇ ವರ್ಷದ ನವೆಂಬರ್‌ನಲ್ಲಿ ಬಂದ 6.12 ಕರ್ನಲ್‌ನಲ್ಲಿ. ಈಗ ವಿತರಣೆಗಳನ್ನು ಇದರ ಎದುರು ನಿಲ್ಲಿಸಿ. 2023ರ ಡೆಬಿಯನ್ 12ರಲ್ಲಿ ಇರುವುದು 6.1 ಕರ್ನಲ್, ಅದು ಈ ಯಂತ್ರಕ್ಕೆ ಆಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ರ ಮೊದಲ ಪ್ರತಿಯಲ್ಲಿ ಇದ್ದದ್ದು 6.8, ಅದೂ ಸಾಲದು. 2025ರ ಆಗಸ್ಟ್‌ನಲ್ಲಿ ಬಂದ ಉಬುಂಟು 24.04.3ರಲ್ಲಿ 6.14 ಇದೆ, ಅದು ಸರಿಹೊಂದುತ್ತದೆ. ಅದೇ ತಿಂಗಳು ಬಂದ ಡೆಬಿಯನ್ 13ರ 6.12 ಕರ್ನಲ್ ಹೊಸ್ತಿಲ ಮೇಲೆ ನಿಂತಂತೆ ಇದೆ, ನಡೆಯುತ್ತದೆ. 2025ರ ಏಪ್ರಿಲ್‌ನ ಫೆಡೋರಾ 42 ಮತ್ತು ಅದರ ನಂತರದವು ನಿಶ್ಚಿಂತೆ.

ಇದರಲ್ಲಿ ಗಮನಿಸಬೇಕಾದದ್ದು ಉಬುಂಟು 24.04ರ ಸಂಗತಿ. ಹೆಸರು ಒಂದೇ, ಆದರೆ ಮೊದಲ ಪ್ರತಿಯ ಒಳಗಿನ ಕರ್ನಲ್ ಬೇರೆ, ಮೂರನೆಯ ಪರಿಷ್ಕರಣೆಯ ಒಳಗಿನ ಕರ್ನಲ್ ಬೇರೆ. ಸಮ ಸಂಖ್ಯೆಯ ವರ್ಷಗಳ ಏಪ್ರಿಲ್‌ನಲ್ಲಿ ಬರುವ, ದೀರ್ಘಕಾಲ ಬೆಂಬಲ ಸಿಗುವ ಉಬುಂಟು ಎಲ್‌ಟಿಎಸ್ ಆವೃತ್ತಿಗಳಿಗೆ ಎರಡನೆಯ ಪರಿಷ್ಕರಣೆಯಿಂದ ಮುಂದೆ ಹೊಸ ಕರ್ನಲ್ ಮತ್ತು ಹೊಸ ಮೆಸಾ ಕೊಡುವ ವ್ಯವಸ್ಥೆಯಿದ್ದು, ಅದನ್ನು ಎಚ್‌ಡಬ್ಲ್ಯುಇ ಎಂದು ಕರೆಯುತ್ತಾರೆ. ಹಾಗಾಗಿ ಯಾರದೋ ಮೇಜಿನ ಖಾನೆಯಲ್ಲಿ ಎರಡು ವರ್ಷದಿಂದ ಬಿದ್ದಿರುವ ಪೆನ್‌ಡ್ರೈವ್ ಎರವಲು ತಂದು ‘24.04 ಇದೆಯಲ್ಲ’ ಎಂದು ಹೊಸ ಯಂತ್ರಕ್ಕೆ ಹಾಕಲು ಹೋಗಬೇಡಿ. ಅಧಿಕೃತ ತಾಣದಿಂದ ಇತ್ತೀಚಿನ ಪರಿಷ್ಕರಣೆಯನ್ನೇ ಇಳಿಸಿಕೊಳ್ಳಿ. ನನ್ನ ಅನುಭವದಲ್ಲಿ, ಪ್ರೊಸೆಸರ್ ಬಿಡುಗಡೆಯಾದ ಆರು ತಿಂಗಳ ನಂತರವಾದರೂ ಬಂದ ಕರ್ನಲ್ ಇರುವ ಆವೃತ್ತಿಯನ್ನು ಆರಿಸಿದರೆ ಹೆಚ್ಚಿನ ಪಾಲು ನೆಮ್ಮದಿಯಾಗಿರಬಹುದು.

ವೈಫೈಗೂ ಇದೇ ಲೆಕ್ಕ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಬಹಳ ಕಾಣುವ ರಿಯಲ್‌ಟೆಕ್ 8852ಬಿಇ, ಅಂದರೆ ಚೀಟಿಯಲ್ಲಿ ‘ಡೆವ್’ ಮುಂದೆ ಬಿ852 ಎಂದು ಬರುವ ಕಾರ್ಡ್, ಕರ್ನಲ್‌ಗೆ ಸೇರಿದ್ದು 2023ರ ಫೆಬ್ರವರಿಯ 6.2ರಲ್ಲಿ. ಡೆಬಿಯನ್ 12ರ 6.1 ಅದಕ್ಕೆ ಒಂದೇ ಮೆಟ್ಟಿಲು ಹಿಂದೆ ನಿಂತಿತು. ವೈಫೈ 7 ಇರುವ ಮೀಡಿಯಾಟೆಕ್ 7925ಕ್ಕೆ 2024ರ ಜನವರಿಯ 6.7 ಬೇಕು. ಇಂಟೆಲ್ ಕಾರ್ಡ್‌ಗಳ ಬೆಂಬಲ ಸಾಮಾನ್ಯವಾಗಿ ಬೇಗ ಬರುತ್ತದೆ. ಕೊಳ್ಳುವಾಗಲೇ ಆಯ್ಕೆಯಿದ್ದರೆ ಇಂಟೆಲ್ ವೈಫೈ ಇರುವುದನ್ನು ಕೊಳ್ಳಿ ಎಂಬುದು ನನ್ನ ಸಲಹೆ. ಆಕಸ್ಮಾತ್ ವೈಫೈ ನಡೆಯದೆ ಸಿಕ್ಕಿಕೊಂಡರೆ ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ತಂತಿಯ ಇಂಟರ್ನೆಟ್ ಸಿಕ್ಕಂತೆ ಲಿನಕ್ಸ್ ಅದನ್ನು ಗುರುತಿಸುತ್ತದೆ, ಹೊಸ ಕರ್ನಲ್ ಇಳಿಸಿಕೊಳ್ಳಲು ದಾರಿಯಾಗುತ್ತದೆ. ಅಕ್ಕನ ಮಗಳ ಯಂತ್ರ ಆ ದಿನ ಸರಿಹೋದದ್ದು ಹೀಗೆಯೇ.

ಎಚ್ಚರಿಕೆಯ ಒಂದು ಮಾತು: ಸ್ನಾಪ್‌ಡ್ರಾಗನ್ ಎಕ್ಸ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳು ಎಆರ್‌ಎಂ ವಿನ್ಯಾಸದವು. ಸಾಮಾನ್ಯ ಇಂಟೆಲ್, ಎಎಂಡಿ ಯಂತ್ರಗಳಿಗೆ ಕೊಡುವ ಲಿನಕ್ಸ್ ಪ್ರತಿ ಅವುಗಳಲ್ಲಿ ಬೂಟ್ ಆಗುವುದೇ ಇಲ್ಲ. ಲಿನಕ್ಸ್ ಬಳಸುವ ಉದ್ದೇಶವಿದ್ದರೆ ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ.

ಮೂರನೆಯ ಹೆಜ್ಜೆ: ವಿತರಣೆಯನ್ನು ಆರಿಸಿ

ಕರ್ನಲ್‌ನ ಲೆಕ್ಕ ಮುಗಿದ ಮೇಲೆ ಉಳಿಯುವ ಆಯ್ಕೆ ಚಿಕ್ಕದಾಗುತ್ತದೆ. ಮೊದಲ ಬಾರಿ ಲಿನಕ್ಸ್‌ಗೆ ಬರುವ ವಿದ್ಯಾರ್ಥಿಗೆ, ಕಚೇರಿಯ ಕೆಲಸ ಮಾಡುವವರಿಗೆ ಉಬುಂಟು ಎಲ್‌ಟಿಎಸ್‌ನ ಇತ್ತೀಚಿನ ಪರಿಷ್ಕರಣೆಯನ್ನು ಧೈರ್ಯವಾಗಿ ಹೇಳುತ್ತೇನೆ. ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಕೇಳಿದ ಪ್ರಶ್ನೆಗೆ ಎಲ್ಲೆಲ್ಲೂ ಉತ್ತರವೂ ಸಿಗುತ್ತದೆ. ವಿಂಡೋಸ್‌ನಂತೆ ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು ಬೇಕೆನ್ನುವ ಹಿರಿಯರಿಗೆ ಲಿನಕ್ಸ್ ಮಿಂಟ್ ಹೆಚ್ಚು ಹಿಡಿಸುತ್ತದೆ. ಮಿಂಟ್ 22 ಉಬುಂಟು 24.04ರ ಮೇಲೆಯೇ ನಿಂತಿದೆ. 22 ಮತ್ತು 22.1ರಲ್ಲಿ 6.8 ಕರ್ನಲ್ ಇದ್ದರೆ 22.2ರಲ್ಲಿ 6.14 ಬಂತು. ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ಎಂಬ ಆಯ್ಕೆಯಿಂದ ಹೊಸದನ್ನು ಹಾಕಿಕೊಳ್ಳಲೂಬಹುದು.

ಯಂತ್ರ ತೀರ ಹೊಸದು, ಪ್ರೊಸೆಸರ್ ಬಂದು ಕೆಲವೇ ತಿಂಗಳಾಗಿದೆ ಎಂದಾದರೆ ಫೆಡೋರಾ ನನ್ನ ಮೊದಲ ಆಯ್ಕೆ. ಅದು ಆರು ತಿಂಗಳಿಗೊಮ್ಮೆ ಬರುವುದಲ್ಲದೆ ಒಂದು ಬಿಡುಗಡೆಯ ನಡುವೆಯೂ ಹೊಸ ಕರ್ನಲ್‌ಗಳನ್ನು ಕೊಡುತ್ತ ಹೋಗುತ್ತದೆ. ಪ್ರತಿ ಬಿಡುಗಡೆಗೆ ಬೆಂಬಲ ಸುಮಾರು ಹದಿಮೂರು ತಿಂಗಳು ಮಾತ್ರ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಮೇಲಿನ ಆವೃತ್ತಿಗೆ ಏರಬೇಕು. ಅದಕ್ಕೆ ಒಪ್ಪಿಗೆಯಿದ್ದವರು ಮಾತ್ರ ಇದನ್ನು ಆರಿಸಿ. ಡೆಬಿಯನ್ ನನಗೆ ಬಹಳ ಪ್ರಿಯವಾದದ್ದು. ಆದರೂ ಹೊಚ್ಚ ಹೊಸ ಲ್ಯಾಪ್‌ಟಾಪ್‌ಗೆ ಅದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಎರಡು ವರ್ಷ ಹಳೆಯ ಯಂತ್ರಕ್ಕೆ ಕಣ್ಣುಮುಚ್ಚಿ ಹೇಳುತ್ತೇನೆ. ಆರ್ಚ್‌ನಂಥವು ಸದಾ ಹೊಸ ಕರ್ನಲ್ ಕೊಡುತ್ತವೆ, ಆದರೆ ಮೊದಲ ಲಿನಕ್ಸ್ ಆಗಿ ಬೇಡ.

ಪರದೆಯ ವಿಷಯವನ್ನು ಜನ ಮರೆಯುತ್ತಾರೆ. ಹದಿನಾಲ್ಕು ಇಂಚಿನಲ್ಲಿ 2880 ಪಿಕ್ಸೆಲ್ ಅಗಲದ ಪರದೆಯಿದ್ದರೆ ಅಕ್ಷರಗಳು ಇರುವೆಯಂತೆ ಕಾಣುತ್ತವೆ, ಅವನ್ನು ಒಂದೂವರೆ, ಒಂದೂಮುಕ್ಕಾಲು ಪಟ್ಟು ಹಿಗ್ಗಿಸಬೇಕಾಗುತ್ತದೆ. ವೇಲ್ಯಾಂಡ್ ಎಂಬ ಪ್ರದರ್ಶನ ವ್ಯವಸ್ಥೆಯ ಮೇಲೆ ನಡೆಯುವ ಗ್ನೋಮ್ ಮತ್ತು ಕೆಡಿಇ ಪ್ಲಾಸ್ಮಾ 6 ಎಂಬ ಡೆಸ್ಕ್‌ಟಾಪ್‌ಗಳು ಇದನ್ನು ಚೆನ್ನಾಗಿ ನಿಭಾಯಿಸುತ್ತವೆ. ಲ್ಯಾಪ್‌ಟಾಪ್‌ಗೆ ಒಂದು ಅಳತೆ, ಹೊರಗಿನ ಮಾನಿಟರ್‌ಗೆ ಇನ್ನೊಂದು ಅಳತೆ ಬೇಕಾದವರು ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ಗಿಂತ ಇವೆರಡರಲ್ಲಿ ಒಂದನ್ನು ಆರಿಸುವುದು ಮೇಲು.

ಎನ್‌ವಿಡಿಯಾ ಗ್ರಾಫಿಕ್ಸ್ ಇರುವವರಿಗೆ ಎರಡು ಮಾತು. ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳಿಗೆ 570 ಅಥವಾ ಅದಕ್ಕಿಂತ ಹೊಸ ಡ್ರೈವರ್ ಬೇಕು, ಅದರಲ್ಲೂ ಹೆಸರಿನ ಕೊನೆಗೆ ‘ಓಪನ್’ ಎಂದಿರುವುದನ್ನೇ ಹಾಕಬೇಕು. ಇನ್ನೊಂದು ಬಗೆಯದು ಈ ಕಾರ್ಡ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಉಬುಂಟುವಿನಲ್ಲಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಮರುಬೂಟ್ ಮಾಡಿದಾಗ ನೀಲಿ ಹಿನ್ನೆಲೆಯ ಒಂದು ಪರದೆ ಬರುತ್ತದೆ, ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡು ಕಾದು ಮುಂದೆ ಹೋಗಿಬಿಡುತ್ತದೆ. ಟೀ ತರಲು ಎದ್ದು ಹೋದರೆ ಡ್ರೈವರ್ ಹಾಕಿಯೂ ಹಾಕದಂತೆ ಆಗುತ್ತದೆ.

ನಾಲ್ಕನೆಯ ಹೆಜ್ಜೆ: ವಿಂಡೋಸ್ ಉಳಿಸಿಕೊಳ್ಳುವವರು ಮೊದಲು ಮಾಡಬೇಕಾದದ್ದು

ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗಿರುವ ಸಂಭವ ಹೆಚ್ಚು. ಬಯೋಸ್‌ನಲ್ಲಿ, ಅಂದರೆ ಯಂತ್ರ ಆನ್ ಆದಾಗ ಮೊದಲು ಏಳುವ ಸೆಟಪ್‌ನಲ್ಲಿ, ಏನನ್ನಾದರೂ ಬದಲಿಸಿದರೆ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಕಾಗದದ ಮೇಲೆ ಬರೆದಿಡದೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಬೇಕಾದ ಕಡತಗಳ ಬ್ಯಾಕಪ್ ಹೊರಗಿನ ಡಿಸ್ಕ್‌ನಲ್ಲಿರಲಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲವಾದರೆ ವಿಂಡೋಸ್‌ನ ಪಾರ್ಟಿಷನ್ ಲಿನಕ್ಸ್‌ಗೆ ಅರೆನಿದ್ದೆಯಲ್ಲಿ ಸಿಗುತ್ತದೆ. ಪಾರ್ಟಿಷನ್ ಕುಗ್ಗಿಸುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಮಾಡಿಸಿ.

ಇಂಟೆಲ್ ಯಂತ್ರಗಳಲ್ಲಿ ಡಿಸ್ಕ್ ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿದ್ದು, ಕೆಲವು ಆವೃತ್ತಿಗಳ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣದೇ ಹೋಗಬಹುದು. ಆಗ ಬಯೋಸ್‌ನಲ್ಲಿ ಅದನ್ನು ನೇರವಾಗಿ ಆಫ್ ಮಾಡಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್ ಸೇಫ್ ಮೋಡ್‌ನಲ್ಲಿ ಬೂಟ್ ಆಗುವಂತೆ ಹೊಂದಿಸಿ, ನಂತರ ಬಯೋಸ್‌ನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದು, ಆಮೇಲೆ ಎಂದಿನ ಬೂಟ್‌ಗೆ ಮರಳಿ.

ಐದನೆಯ ಹೆಜ್ಜೆ: ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ನಡೆಸಿ ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಆರಿಸಿದ ಆವೃತ್ತಿಯನ್ನು ಇಡಿಯಾಗಿ ಹೊತ್ತ ಐಎಸ್‌ಒ ಕಡತವನ್ನು ಇಳಿಸಿಕೊಂಡು, ಅದು ಕೆಡದೆ ಇಳಿದಿದೆಯೇ ಎಂದು ತಿಳಿಯಲು ತಾಣದಲ್ಲಿ ಕೊಟ್ಟಿರುವ ಚೆಕ್‌ಸಮ್‌ಗೆ ತಾಳೆ ನೋಡಿ, ರೂಫಸ್ ಅಥವಾ ವೆಂಟಾಯ್ ಬಳಸಿ ಪೆನ್‌ಡ್ರೈವ್ ಸಿದ್ಧಮಾಡಿ. ವೆಂಟಾಯ್ ಹಾಕಿದ ಪೆನ್‌ಡ್ರೈವ್‌ಗೆ ಐಎಸ್‌ಒ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ ಸಾಕು. ಉಬುಂಟು, ಮಿಂಟ್, ಫೆಡೋರಾ ಮೂರನ್ನೂ ಒಂದೇ 32 ಜಿಬಿ ಪೆನ್‌ಡ್ರೈವ್‌ನಲ್ಲಿ ಇಟ್ಟು ಸರದಿಯಂತೆ ಪರೀಕ್ಷಿಸಬಹುದು. ಬೂಟ್ ಮೆನುವಿಗೆ ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್ ಕೀ ಒತ್ತಬೇಕು.

ಡೆಸ್ಕ್‌ಟಾಪ್ ಬಂದ ಮೇಲೆ ‘ಚೆನ್ನಾಗಿದೆ’ ಎಂದು ಇನ್‌ಸ್ಟಾಲ್ ಒತ್ತಬೇಡಿ. ವೈಫೈ ಜೋಡಿಸಿ ಹತ್ತು ನಿಮಿಷ ವೀಡಿಯೊ ನೋಡಿ, ಮಧ್ಯೆ ಕಡಿದುಹೋಗುತ್ತದೆಯೇ ಗಮನಿಸಿ. ಹೆಡ್‌ಫೋನ್ ಇಲ್ಲದೆ ಸ್ಪೀಕರ್‌ನಿಂದ ಶಬ್ದ ಬರಬೇಕು. ಹೆಡ್‌ಫೋನ್‌ನಲ್ಲಿ ಬಂದು ಸ್ಪೀಕರ್‌ನಲ್ಲಿ ಬಾರದ ಯಂತ್ರಗಳು ಬೇಕಾದಷ್ಟಿವೆ. ಮೈಕ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕೇಳಿ. ವೆಬ್‌ಕ್ಯಾಮ್ ತೆರೆದು ನೋಡಿ, ಏಕೆಂದರೆ ದುಬಾರಿ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬರುವ ಇಂಟೆಲ್ ಐಪಿಯು6 ಬಗೆಯ ಕ್ಯಾಮೆರಾಗಳು ಲಿನಕ್ಸ್‌ನಲ್ಲಿ ಬಹಳ ಕಾಲ ತೊಂದರೆ ಕೊಟ್ಟಿವೆ, ಅಗ್ಗದ ಯಂತ್ರಗಳ ಯುಎಸ್‌ಬಿ ಕ್ಯಾಮೆರಾಗಳು ಮಾತ್ರ ಸಲೀಸಾಗಿ ನಡೆಯುತ್ತವೆ. ಬ್ಲೂಟೂತ್, ಬೆಳಕು ಏರಿಳಿಸುವ ಕೀಗಳು, ಎರಡು ಬೆರಳಿನ ಸ್ಕ್ರೋಲ್, ಎಚ್‌ಡಿಎಂಐ, ಇವನ್ನು ಒಂದೊಂದಾಗಿ ಮುಗಿಸಿ. ಕೊನೆಗೆ ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆರೆಯಿರಿ: ಪರದೆ ಬೆಳಗಬೇಕು, ವೈಫೈ ಮತ್ತೆ ಜೋಡಿಯಾಗಬೇಕು. ಬೆರಳಚ್ಚು ಸೆನ್ಸರ್ ನಡೆಯದಿದ್ದರೆ ಅದಕ್ಕಾಗಿ ಆವೃತ್ತಿ ಬದಲಿಸಲು ಹೋಗಬೇಡಿ, ಪಾಸ್‌ವರ್ಡ್ ಸಾಕು. ವೈಫೈ, ಧ್ವನಿ, ನಿದ್ರೆ ಈ ಮೂರರಲ್ಲಿ ಒಂದು ಕೆಟ್ಟರೂ ಅದೇ ಪೆನ್‌ಡ್ರೈವ್‌ನ ಇನ್ನೂ ಹೊಸ ಕರ್ನಲ್ ಇರುವ ವಿತರಣೆಯನ್ನು ತೆರೆದು ಅದೇ ಪರೀಕ್ಷೆಯನ್ನು ಮತ್ತೆ ಮಾಡಿ.

ನಮ್ಮವರು ಇದೇ ಹೊತ್ತಿನಲ್ಲಿ ಕನ್ನಡವನ್ನೂ ನೋಡಿಬಿಡಬೇಕು. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಇನ್‌ಪುಟ್ ಸೋರ್ಸ್ ಸೇರಿಸುವಾಗ ಕನ್ನಡದ ಅಡಿಯಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಕಗಪ ಹೆಸರಿನದೂ ಸಿಗುತ್ತವೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರು ಟೈಪಿಂಗ್ ನಿಭಾಯಿಸುವ ಐಬಸ್‌ನ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದು, ಅದರಲ್ಲಿರುವ ಕಗಪವನ್ನೂ ಪ್ರಯತ್ನಿಸಿ, ಕೈಗೆ ಕೂರುವುದನ್ನು ಇಟ್ಟುಕೊಳ್ಳಿ. ‘ಸ್ತ್ರೀ’, ‘ರಾಷ್ಟ್ರ’, ‘ಅರ್ಘ್ಯ’ ಎಂದು ಬರೆದು ಒತ್ತಕ್ಷರ ಸರಿಯಾಗಿ ಕೂರುತ್ತದೆಯೇ ನೋಡಿ. ಹಳೆಯ ನುಡಿಯ ಆಸ್ಕಿ ಫಾಂಟ್‌ನಲ್ಲಿ ಬರೆದ ಕಡತಗಳಿದ್ದರೆ ಅವನ್ನು ವಿಂಡೋಸ್ ಕೈಯಲ್ಲಿರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಪರೀಕ್ಷೆಯಲ್ಲಿ ಪಾಸಾದ ಆವೃತ್ತಿಯನ್ನು ಹಾಕಿದ ಮೇಲೆ ಮೊದಲು ಪೂರ್ಣ ಅಪ್‌ಡೇಟ್ ಮಾಡಿ. ಬಳಿಕ ಸಾಫ್ಟ್‌ವೇರ್ ಕೇಂದ್ರದಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಬಂದಿದೆಯೇ ನೋಡಿ. ಡೆಲ್, ಲೆನೊವೊ, ಎಚ್‌ಪಿಯ ಅನೇಕ ಮಾದರಿಗಳಿಗೆ ಬಯೋಸ್ ಅಪ್‌ಡೇಟ್ ಲಿನಕ್ಸ್‌ನೊಳಗಿನಿಂದಲೇ ಸಿಗುತ್ತದೆ, ನಿದ್ರೆಯ ತೊಂದರೆಗಳು ಎಷ್ಟೋ ಸಲ ಅದರಿಂದಲೇ ಕಳೆಯುತ್ತವೆ. ಒಂದು ರಾತ್ರಿ ಚಾರ್ಜರ್ ಕಿತ್ತು, ಬ್ಯಾಟರಿಯ ಶೇಕಡಾವಾರು ಬರೆದಿಟ್ಟು, ಮುಚ್ಚಳ ಮುಚ್ಚಿ ಮಲಗಿ, ಬೆಳಿಗ್ಗೆ ಎಷ್ಟು ಇಳಿದಿದೆ ನೋಡಿ. ಮುಂದೆ ಹೊಸ ಕರ್ನಲ್ ಬಂದಾಗ ಹಳೆಯದನ್ನು ಕೂಡಲೇ ಅಳಿಸಬೇಡಿ. ಅಪ್‌ಡೇಟ್ ನಂತರ ಏನಾದರೂ ಕೆಟ್ಟರೆ ಬೂಟ್ ಆಗುವಾಗ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿದರೆ ಯಂತ್ರ ನಿನ್ನೆ ಇದ್ದಂತೆಯೇ ಎದ್ದು ನಿಲ್ಲುತ್ತದೆ, ದೋಷ ಹೊಸ ಕರ್ನಲ್‌ನದೋ ಬೇರೆಯದೋ ಎಂಬುದೂ ಅಲ್ಲೇ ತಿಳಿಯುತ್ತದೆ.